ಮಿಶ್ರವಂಶದ ಪಾತ್ರಕ್ಕೆ ಎರಡೂ ಮನೆಯ ಪಾಲು ಸಿಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತಾ, ತಲಾ ಒಂದೊಂದು ಪಾತ್ರ ವಹಿಸಿ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಂತಹ ಆಟಗಳು ನಮ್ಮ ಚಿತ್ರದುರ್ಗದ ಮಕ್ಕಳಿಗೂ ಪ್ರಿಯವಾಗಿವೆ. ರಜೆಯಲ್ಲಿ ನಮ್ಮ ಬೀದಿಯ ಮಕ್ಕಳಿಗೆ ಈ ಆಟ ನಡೆಸಿಕೊಡುವವನಾಗಿ, ಅದರ ನಿಯಮಗಳಲ್ಲಿ ಆಗಿರುವ ಒಂದು ಬದಲಾವಣೆಯ ಬಗ್ಗೆ ಬರೆಯುತ್ತಿದ್ದೇನೆ.

1974ರಲ್ಲಿ ಹುಟ್ಟಿದ ಈ ಆಟದ 1978ರ ಕೈಪಿಡಿಯಲ್ಲಿಯೇ ಮನುಷ್ಯರಿಗೂ ಎಲ್ಫ್ ಎಂಬ ಚೂಪುಕಿವಿಯ ಕಾಲ್ಪನಿಕ ಕುಲಕ್ಕೂ ಹುಟ್ಟಿದ ಹಾಫ್-ಎಲ್ಫ್ ಮತ್ತು ಮನುಷ್ಯರಿಗೂ ಆರ್ಕ್ ಎಂಬ ಕಟ್ಟುಮಸ್ತಾದ ಕಾಲ್ಪನಿಕ ಕುಲಕ್ಕೂ ಹುಟ್ಟಿದ ಹಾಫ್-ಆರ್ಕ್ ಇದ್ದವು. 2014ರ ಆವೃತ್ತಿಯಲ್ಲೂ ಇದ್ದ ಇವೆರಡು 2024ರ ಕೈಪಿಡಿಯಲ್ಲಿ ಇಲ್ಲ. ‘ರೇಸ್’ ಎಂಬ ಪದವನ್ನು ಬಿಟ್ಟದ್ದು, ಹುಟ್ಟಿನಿಂದ ಸಿಗುತ್ತಿದ್ದ ಬಲ–ಬುದ್ಧಿಗಳ ಹೆಚ್ಚುವರಿ ಅಂಕಗಳನ್ನು ಪಾತ್ರದ ಹಿನ್ನೆಲೆಗೆ ವರ್ಗಾಯಿಸಿದ್ದು ನನಗೆ ಪೂರ್ಣ ಒಪ್ಪಿಗೆ. (ಆ ಪದವನ್ನು ‘ಜಾತಿ’ ಎಂದು ಕನ್ನಡಿಸಲು ನನಗೆಂದೂ ಮನಸ್ಸು ಬಂದಿಲ್ಲ, ‘ವಂಶ’ ಎಂದೇ ಹೇಳಿಕೊಡುತ್ತೇನೆ.) ‘ಅರ್ಧ’ ಎಂಬ ಹಣೆಪಟ್ಟಿಯೂ ಹೋಗಲಿ, ಆದರೆ ಅದರೊಂದಿಗೆ ಆ ಮಿಶ್ರವಂಶದ ಮಕ್ಕಳನ್ನೇ ಪುಸ್ತಕದಿಂದ ಹೊರಗಿಟ್ಟದ್ದು ತಪ್ಪು. ಈ ಹೊಸ ಕೈಪಿಡಿಗಾಗಿ 2022ರಲ್ಲಿ ಪ್ರಯೋಗಕ್ಕೆ ಬಿಟ್ಟಿದ್ದ ಕರಡಿನಲ್ಲಿ, ಹೆತ್ತವರಿಬ್ಬರಲ್ಲಿ ಒಬ್ಬರ ಗುಣಗಳನ್ನಷ್ಟೇ ಪಡೆದು ರೂಪವನ್ನು ಬೇಕಾದಂತೆ ಬೆರೆಸಿಕೊಳ್ಳಬಹುದೆಂಬ ನಿಯಮವಿತ್ತು. ಆ ಲೆಕ್ಕದಲ್ಲಿ ಇನ್ನೊಬ್ಬರಿಂದ ಮಗುವಿಗೆ ಬರುವುದು ಮೈಬಣ್ಣ, ಕಿವಿಯ ಆಕಾರಗಳಷ್ಟೇ.

ನಮ್ಮ ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿಯಿದೆ. ಹಿಡಿಂಬ ವಾಸವಿದ್ದದ್ದು ಇದೇ ಬೆಟ್ಟದಲ್ಲಿ ಎಂಬ ಪ್ರತೀತಿಯನ್ನು ಇಲ್ಲಿನ ಮಕ್ಕಳು ಎಳವೆಯಿಂದಲೇ ಕೇಳಿರುತ್ತಾರೆ. ಅವನ ತಂಗಿಯ ಮಗ ಘಟೋತ್ಕಚ ತಂದೆಯ ಪಕ್ಷಕ್ಕಾಗಿ ಹೋರಾಡಿದ್ದು ತಾಯಿಯ ಕಡೆಯಿಂದ ಬಂದ ಮಾಯಾವಿದ್ಯೆಯಿಂದ, ಅದೂ ರಾಕ್ಷಸರ ಬಲ ಹೆಚ್ಚುವ ರಾತ್ರಿಯ ಯುದ್ಧದಲ್ಲಿ. ಇಬ್ಬರಲ್ಲಿ ಒಬ್ಬರನ್ನು ತೆಗೆದುಬಿಟ್ಟರೆ ಅವನ ಕಥೆಯೇ ನಿಲ್ಲುವುದಿಲ್ಲ.

ಕಳೆದ ರಜೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ಡ್ವಾರ್ಫ್ ಎಂಬ ಗಿಡ್ಡ, ಗಟ್ಟಿಮುಟ್ಟಾದ ಕುಲದ ತಾಯಿಗೂ ಆರ್ಕ್ ತಂದೆಗೂ ಹುಟ್ಟಿ ತಾಯಿಯ ಗಣಿಯೂರಿನಲ್ಲಿ ಬೆಳೆದ ಪಾತ್ರವನ್ನು ಕೇಳಿದಳು. ವಿಷಕ್ಕೆ ಜಗ್ಗದ ತಾಯಿಯ ಮೈಯೂ ಬೇಕು, ನೆಲಕ್ಕೆ ಬೀಳುವ ಪೆಟ್ಟು ತಿಂದರೂ ಒಮ್ಮೆ ತಡೆದು ನಿಲ್ಲುವ ತಂದೆಯ ಛಲವೂ ಬೇಕು ಎಂದಳು. ನಾನು ಡ್ವಾರ್ಫ್ ಗುಣಗಳನ್ನು ಬುಡವಾಗಿಟ್ಟುಕೊಂಡು, ಅವುಗಳಲ್ಲಿ ಹೆಚ್ಚಿನ ಪ್ರಾಣಾಂಕ ಕೊಡುವ ಗುಣವನ್ನು ತೆಗೆದು, ಹೆಚ್ಚುಕಡಿಮೆ ಅಷ್ಟೇ ತೂಕದ ಆ ಆರ್ಕ್ ಗುಣವನ್ನು ಸೇರಿಸಿದೆ. ಭಾಷೆ ಮತ್ತು ಕಸುಬನ್ನು ರಕ್ತದಿಂದಲ್ಲ, ಅವಳು ಬೆಳೆದ ಊರಿನಿಂದ ನಿರ್ಧರಿಸಿದೆ. ಉಳಿದ ಆಟಗಾರರಿಗೆ ಇದರಿಂದ ಯಾವ ಅನ್ಯಾಯವೂ ಆಗಲಿಲ್ಲ. ಮೊದಲ ಹಂತದಲ್ಲೇ ಹಾರುವ ಶಕ್ತಿಯಂಥದ್ದನ್ನು ಯಾರಾದರೂ ಕೇಳಿದರೆ ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಕಂದಕ, ಕೋಟೆಗೋಡೆಗಳೆಲ್ಲ ಆಗ ಅರ್ಥ ಕಳೆದುಕೊಳ್ಳುತ್ತವೆ.

ಈ ವಿಷಯದಲ್ಲಿ, ಇದೇ ಬಗೆಯ ಇನ್ನೊಂದು ಆಟವಾದ ‘ಪಾಥ್‌ಫೈಂಡರ್’ನ ದಾರಿ ಮೇಲು. 2019ರ ಅದರ ಎರಡನೇ ಆವೃತ್ತಿಯಲ್ಲಿ ಮೂಲವಂಶದ ಮೇಲೆ ‘ಹೆರಿಟೇಜ್’ ಎಂಬ ಇನ್ನೊಂದು ಪದರವಿದೆ. 2023ರ ಪರಿಷ್ಕರಣೆಯಲ್ಲಿ ಎಲ್ಫ್ ಮಿಶ್ರಣಕ್ಕೆ ಐಯುವಾರಿನ್, ಆರ್ಕ್ ಮಿಶ್ರಣಕ್ಕೆ ಡ್ರೋಮಾರ್ ಎಂಬ ಸ್ವಂತ ಹೆಸರುಗಳು ಬಂದವು. ಆಟ ನಡೆಸುವವರು ಒಪ್ಪಿದರೆ ಹೆತ್ತವರಲ್ಲಿ ಒಬ್ಬರು ಮನುಷ್ಯರೇ ಆಗಿರಬೇಕೆಂದಿಲ್ಲ. 1, 5, 9, 13 ಮತ್ತು 17ನೇ ಹಂತಗಳಲ್ಲಿ ಎರಡೂ ವಂಶದ ವಿಶೇಷಗಳಿಂದ ಆರಿಸಿಕೊಳ್ಳಬಹುದಾದ್ದರಿಂದ, ಪಾತ್ರ ಬೆಳೆದಂತೆ ತನ್ನ ಎರಡೂ ಮನೆಗಳನ್ನು ನಿಧಾನವಾಗಿ ಅರಿತುಕೊಳ್ಳುತ್ತದೆ.

ಚಿತ್ರದುರ್ಗ, ದಾವಣಗೆರೆಗಳಲ್ಲಿ ಈ ಆಟ ನಡೆಸುವ ಇತರರು ಇಂತಹ ಪಾತ್ರಗಳನ್ನು ಹೇಗೆ ರೂಪಿಸುತ್ತಾರೆಂದು ಇದೇ ಅಂಕಣಕ್ಕೆ ಬರೆಯಬೇಕೆಂದು ಕೋರುತ್ತೇನೆ. ಬರುವ ರಜೆಗೆ ಆ ಹುಡುಗಿಯ ತಮ್ಮನೂ ಆಟಕ್ಕೆ ಸೇರಲಿದ್ದಾನೆ; ಅವನು ಕೇಳಿರುವುದು ಮೂರು ವಂಶ ಬೆರೆತ ಪಾತ್ರವನ್ನು.

ಇತಿ ತಮ್ಮ ವಿಶ್ವಾಸಿ,
ಓದುಗ, ಚಿತ್ರದುರ್ಗ