ಹೋತದ ಉಚ್ಚೆ, ತೌಡು ಮತ್ತು ನಿನ್ನ ಹೊಸ ಡಬ್ಬಿ

ತೀರ್ಥಹಳ್ಳಿ

ಸುಬ್ಬು, ದೊಡ್ಡಪ್ಪನ ಆಶೀರ್ವಾದ.

ಹೋತದ ಉಚ್ಚೆ ದಾರಿಯಲ್ಲಿ ಕಲ್ಲಿದೆಯಾ ಅಂತ ನೋಡಲು ಉಚ್ಚೆ ಪರೀಕ್ಷೆ ಮಾಡುವ ಪಟ್ಟಿಗಳ ಡಬ್ಬಿ ತರಿಸಿದ್ದೀಯಂತೆ. ಒಳ್ಳೆಯದೇ. ಆದರೆ ಆ ಪಟ್ಟಿಗೆ ಕಲ್ಲು ಕಾಣುವುದಿಲ್ಲ ಮಾರಾಯ. ರಕ್ತ ಇದೆಯಾ, ಪಿಎಚ್ (ಹುಳಿ-ಕ್ಷಾರದ ಅಳತೆ) ಎಷ್ಟು, ಅಂಥದ್ದನ್ನು ಹೇಳುತ್ತದೆ ಅಷ್ಟೆ. ಸೊಪ್ಪು, ಹುಲ್ಲು ತಿನ್ನುವ ಆಡಿನ ಉಚ್ಚೆಯ ಪಿಎಚ್ 8ರ ಆಸುಪಾಸು ಇರುವುದು ಸಹಜ. ಮನುಷ್ಯರ ಲೆಕ್ಕ ಹಿಡಿದು ಗಾಬರಿಯಾಗಬೇಡ. ಪಟ್ಟಿಯ ಮೇಲಿನ ಬಣ್ಣದ ಚೌಕಗಳಲ್ಲಿ ಬಿಳಿ ರಕ್ತಕಣದ ಚೌಕವನ್ನಂತೂ ಆಡಿನ ವಿಷಯದಲ್ಲಿ ನಂಬಲೇಬೇಡ. ರಕ್ತದ ಚೌಕ ಬಣ್ಣ ತಿರುಗಿ, ಹೋತ ತಿಣುಕುತ್ತಲೂ ಇದ್ದರೆ ಕಲ್ಲಿನ ಅನುಮಾನ ಗಟ್ಟಿ. ದನದಲ್ಲಾದರೆ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರಕ್ಕೂ ಆ ಚೌಕ ತಿರುಗುತ್ತದೆ, ಅದು ಬೇರೆ ಕತೆ.

ಬೆಳಿಗ್ಗೆ ಮಲಗಿದಲ್ಲಿಂದ ಎದ್ದ ಕೂಡಲೇ ಹೊಯ್ಯುವುದು ಜಾಸ್ತಿ. ಕೋಲಿಗೆ ಲೋಟ ಕಟ್ಟಿ ಹಿಡಿ. ಆಗಲೇ ಅದ್ದಿ, ಡಬ್ಬಿಯಲ್ಲಿ ಬರೆದಷ್ಟೇ ಸೆಕೆಂಡಿಗೆ ಬಣ್ಣ ನೋಡು. ಇಟ್ಟ ಉಚ್ಚೆಯ ಪಿಎಚ್ ಏರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಪಟ್ಟಿ ಬೇಗ ಕೆಡುತ್ತದೆ, ಮುಚ್ಚಳ ಬಿಗಿಯಾಗಿರಲಿ.

ನನಗೆ ಪಟ್ಟಿಗಿಂತ ನಿನ್ನ ತೌಡಿನದೇ ಚಿಂತೆ. ಮಳೆ ಹಿಡಿದರೆ ಆಡು ಹೊರಗೆ ಹೋಗುವುದಿಲ್ಲ, ನೀರೂ ಕಮ್ಮಿ ಕುಡಿಯುತ್ತದೆ, ನೀನು ಪ್ರೀತಿಯಿಂದ ತೌಡು ಸುರಿಯುತ್ತೀಯ. ತೌಡಿನಲ್ಲಿ ರಂಜಕ (ಫಾಸ್ಫರಸ್) ಕ್ಯಾಲ್ಸಿಯಂನ ಹತ್ತರಷ್ಟಕ್ಕಿಂತಲೂ ಹೆಚ್ಚು. ಆಗಬೇಕಾದ್ದು ತಿರುಗಾಮುರುಗಾ: ಒಟ್ಟು ಮೇವಿನಲ್ಲಿ ಕ್ಯಾಲ್ಸಿಯಂ ರಂಜಕದ ಎರಡರಷ್ಟಾದರೂ ಇರಬೇಕು. ಮಿಕ್ಕ ರಂಜಕ ಉಚ್ಚೆಗೆ ಇಳಿದು, ಹರಳಾಗಿ, ಕಲ್ಲು ಕಟ್ಟುತ್ತದೆ. ತೌಡು ಇಳಿಸು, ಸೊಪ್ಪು ಏರಿಸು. ಚಳಿಗೆ ಉಗುರುಬೆಚ್ಚಗಿನ ನೀರಿಡು, ಮೇವಿಗೆ ಸ್ವಲ್ಪ ಉಪ್ಪು ಹಾಕು. ಕುಡಿಯುತ್ತದೆ.

ಇನ್ನು, ಹೋತ ಬಾಲ ಕುಣಿಸುತ್ತಾ, ಹಲ್ಲು ಕಡಿಯುತ್ತಾ, ತಿಣುಕಿ ತಿಣುಕಿ ಹನಿಯೂ ಬಾರದಿದ್ದರೆ ಡಬ್ಬಿ ಹುಡುಕಬೇಡ. ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡು. ಸಿಗದಿದ್ದರೆ ಗಾಡಿ ಮಾಡಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿ, ನಾಳೆ ನೋಡೋಣ ಅನ್ನಬೇಡ. ನಿಮ್ಮಮ್ಮ ಬಾಳೆದಿಂಡಿನ ರಸ ಕುಡಿಸು ಅನ್ನುತ್ತಾಳೆ, ಗೊತ್ತು. ದಾರಿ ಕಟ್ಟಿರುವಾಗ ಉಚ್ಚೆ ಹೆಚ್ಚಿಸುವ ಯಾವುದೂ ಬೇಡ, ಮೂತ್ರಕೋಶ ಒಡೆದೀತು. ಒಡೆದ ಮೇಲೆ ಹೋತ ಸ್ವಲ್ಪ ಹೊತ್ತು ಆರಾಮಾದ ಹಾಗೆ ಕಾಣುತ್ತದೆ, ಅದಕ್ಕೂ ಮೋಸಹೋಗಬೇಡ. ಹೋತದ ಮೂತ್ರನಾಳದ ತುದಿಯಲ್ಲಿ ಹುಳದಂಥ ಸಣ್ಣ ಎಳೆ ಇದೆ. ಕಲ್ಲು ಎಷ್ಟೋ ಸಲ ಸಿಕ್ಕಿಕೊಳ್ಳುವುದು ಅಲ್ಲೇ. ಬೇಗ ಹೋದರೆ ಡಾಕ್ಟರು ಅದನ್ನು ಕತ್ತರಿಸಿ ದಾರಿ ಬಿಡಿಸಬಹುದು.

ಆ ಎರಡು ಮರಿಗಳಿಗೆ ಈಗಲೇ ಬೀಜ ಒಡೆಸಬೇಕು ಅಂದಿದ್ದೆಯಲ್ಲ, ಸ್ವಲ್ಪ ತಡೆ. ತೀರಾ ಎಳೆಯದರಲ್ಲಿ ಮಾಡಿಸಿದರೆ ಮೂತ್ರನಾಳ ಸಪೂರವಾಗಿಯೇ ಉಳಿಯುತ್ತದೆ. ಯಾವಾಗ ಅಂತ ಡಾಕ್ಟರನ್ನು ಕೇಳಿ ನನಗೂ ಬರೆ.

ನಿನ್ನ ದೊಡ್ಡಪ್ಪ