ಕುದುರೆ ಕೊಳ್ಳಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಕುದುರೆಯ ಬಣ್ಣ, ಅದಕ್ಕಿಡುವ ಹೆಸರು, ಜೀನಿನ ತೊಗಲು, ನಸುಕಿನಲ್ಲೇ ಹೊರಡುವ ಸವಾರಿ ಎಲ್ಲವೂ ಅದರಲ್ಲಿವೆ. ಆ ಪ್ರಾಣಿ ದಿನಕ್ಕೆಷ್ಟು ನೀರು ಕುಡಿಯುತ್ತದೆ ಎನ್ನುವುದು ಮಾತ್ರ ಎಲ್ಲಿಯೂ ಇಲ್ಲ. ಹಂಗಿಸುತ್ತಿದ್ದೇನೆ ಎಂದುಕೊಳ್ಳಬೇಡ, ಕುದುರೆಯ ಹುಚ್ಚು ಹಿಡಿದವರೆಲ್ಲ ಬಣ್ಣದಿಂದಲೇ ಶುರುಮಾಡುವುದು. ಬಿಳಿಯದೇ ಬೇಕು ಎಂದಿದ್ದೀಯಲ್ಲ, ಅದಕ್ಕೊಂದು ಮಾತು: ನಾವು ಬಿಳಿ ಎಂದು ಕರೆಯುವ ಕುದುರೆಗಳಲ್ಲಿ ಹೆಚ್ಚಿನವು ಹುಟ್ಟುವಾಗ ಕಪ್ಪೋ ಕಂದೋ ಆಗಿದ್ದು, ವರ್ಷ ಕಳೆದಂತೆ ನರೆತು ಬೆಳ್ಳಗಾದವು. ಮುಪ್ಪಿನಲ್ಲಿ ಅವುಗಳ ಬಾಲದ ಬುಡದಲ್ಲಿ ಕಪ್ಪು ಗಂಟುಗಳು ಏಳುವುದು ತೀರಾ ಸಾಮಾನ್ಯ. ಬಣ್ಣ ನೋಡಿ ಕೊಂಡವನು ಆ ಗಂಟುಗಳನ್ನೂ ನೋಡಿಕೊಳ್ಳಬೇಕಾಗುತ್ತದೆ.

ಲಾಯದಲ್ಲಿ ವರ್ಷಗಟ್ಟಲೆ ಲದ್ದಿ ಬಾಚಿದವನ ಮಾತು ಎಂದು ಮುಂದಿನದನ್ನು ಓದು.

ನಿನಗೆ ಬೇಕಿರುವುದು ಕುದುರೆಯೋ, ಸವಾರಿಯೋ? ಸವಾರಿಯಾದರೆ ಒಳ್ಳೆಯ ತರಬೇತುದಾರರನ್ನು ಹುಡುಕು, ಗಂಟೆಯ ಲೆಕ್ಕದಲ್ಲಿ ಹಣ ಕೊಡು, ಹತ್ತು, ಇಳಿ, ಕೈ ತೊಳೆದುಕೊಂಡು ಮನೆಗೆ ಹೋಗು. ಅದರಲ್ಲಿ ಕೀಳೆನ್ನುವಂಥದ್ದು ಏನೂ ಇಲ್ಲ. ಎಷ್ಟೋ ಒಳ್ಳೆಯ ಸವಾರರು ಜೀವಮಾನದಲ್ಲಿ ಸ್ವಂತ ಕುದುರೆ ಕೊಂಡವರಲ್ಲ. ಕುದುರೆಯೇ ಬೇಕೆಂದರೆ ಸವಾರಿ ದಿನದಲ್ಲಿ ಒಂದು ಗಂಟೆ, ಅದೂ ಎಲ್ಲ ದಿನ ಇರುವುದಿಲ್ಲ. ಉಳಿದ 23 ಗಂಟೆ ಅದು ತಿನ್ನುತ್ತಿರುತ್ತದೆ, ನಿಂತಿರುತ್ತದೆ, ಹೆದರುತ್ತಿರುತ್ತದೆ, ಬೇಸರಪಡುತ್ತಿರುತ್ತದೆ. ನೀನು ಕೊಳ್ಳುವುದು ಆ 23 ಗಂಟೆಗಳನ್ನು.

ಕುದುರೆ ಎಂದರೆ ಎಲ್ಲರಿಗೂ ಕಾಲು ನೆನಪಾಗುತ್ತದೆ. ಸಾಕುವವನಿಗೆ ನೆನಪಾಗುವುದು ಹೊಟ್ಟೆ. ಸುಮಾರು 500 ಕಿಲೋ ತೂಗುವ ಪ್ರಾಣಿಯ ಜಠರ ಹಿಡಿಯುವುದು ಬರೀ 8ರಿಂದ 15 ಲೀಟರ್. ಹಸುವಿನಂತೆ ಗಬಗಬನೆ ತುಂಬಿಕೊಂಡು ಆಮೇಲೆ ಮೆಲುಕು ಹಾಕುವ ಅನುಕೂಲ ಅದಕ್ಕಿಲ್ಲ. ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ, ಅದನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗಷ್ಟೇ ಸುರಿಯುತ್ತದೆ. ಅಗಿಯದೆ ನಿಂತ ಕುದುರೆಯ ಹೊಟ್ಟೆಯಲ್ಲಿ ಹುಣ್ಣಾಗುವುದು ಇದರಿಂದ. ಬಯಲಿನಲ್ಲಿ ಬಿಟ್ಟರೆ ಅದು ದಿನದ ಬಹುಪಾಲು, ಹದಿನಾರು ಗಂಟೆಯವರೆಗೂ, ಸ್ವಲ್ಪಸ್ವಲ್ಪವೇ ಮೇಯುತ್ತ ಇರುತ್ತದೆ. ಕೆಲಸಕ್ಕೆ ಹೋಗುವ ಮುಂಚೆ ಒಂದು ಬುಟ್ಟಿ ಧಾನ್ಯ, ಬಂದ ಮೇಲೆ ಇನ್ನೊಂದು ಬುಟ್ಟಿ ಎಂಬ ನಿನ್ನ ಯೋಜನೆ ನಿನ್ನ ಹೊಟ್ಟೆಗೆ ಸರಿ, ಅದರ ಹೊಟ್ಟೆಗಲ್ಲ.

ದಿನಕ್ಕೆ ದೇಹದ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಹುಲ್ಲು, ಒಣಗಿಸಿದ ಲೆಕ್ಕದಲ್ಲಿ, ಒಳಗೆ ಹೋಗಬೇಕು. ಅಂದರೆ 8ರಿಂದ 10 ಕಿಲೋ. ವರ್ಷಕ್ಕೆ ಸುಮಾರು ಮೂರು ಟನ್, ಇಲ್ಲವೇ ಅದಕ್ಕೂ ಹೆಚ್ಚು. ಅಷ್ಟನ್ನೂ ಮಳೆ ತಾಗದಂತೆ ಕೂಡಿಡುವ ಜಾಗ ಎಲ್ಲಿದೆ ನಿನ್ನ ಬಳಿ? ಬೂಷ್ಟು ಹಿಡಿದ ಹುಲ್ಲನ್ನು ಕಂತೆಯ ಮೇಲ್ಭಾಗ ತೆಗೆದು ಹಾಕಿದರಾಯಿತು ಎಂದು ಯಾರಾದರೂ ಹೇಳಿದರೆ ಕೇಳಬೇಡ. ಅದರ ದೂಳು ಶ್ವಾಸಕೋಶಕ್ಕೆ ಹೋಗಿ ಗೂರಲು ಬರುತ್ತದೆ. ನೀರು ದಿನಕ್ಕೆ 25ರಿಂದ 45 ಲೀಟರ್, ಸೆಕೆಯಲ್ಲಿ ದುಡಿದರೆ ಇನ್ನೂ ಹೆಚ್ಚು. ಲದ್ದಿ ಮತ್ತು ಗಂಜಲ ಸೇರಿ 20 ಕಿಲೋದ ಮೇಲೆಯೇ. ಅದನ್ನು ದಿನವೂ ಬಾಚಬೇಕು. ಹಬ್ಬವಿರಲಿ, ಜ್ವರವಿರಲಿ, ಪರೀಕ್ಷೆಯಿರಲಿ.

ಧಾನ್ಯದ ವಿಚಾರದಲ್ಲಿ ಕೈ ಹಿಡಿತವಿರಲಿ. ಪ್ರೀತಿಯಿಂದ ಹೆಚ್ಚು ಹಾಕುವವರೇ ಕುದುರೆಗೆ ಹೆಚ್ಚು ಕೇಡು ಮಾಡುವುದು. ಅರಗದ ಪಿಷ್ಟ ಹಿಂಗರುಳಿಗೆ ಹೋಗಿ ಹುಳಿತರೆ ಅದರ ಪೆಟ್ಟು ಬೀಳುವುದು ಕಾಲಿಗೆ: ಗೊರಸಿನೊಳಗಿನ ಮೃದುಪದರ ಉರಿದು ಊದಿಕೊಂಡು, ನೆಲಕ್ಕೆ ಕಾಲಿಡಲಾಗದೆ ಪ್ರಾಣಿ ಹಿಂದಕ್ಕೆ ವಾಲಿ ನಿಲ್ಲುತ್ತದೆ. ಇನ್ನೊಂದು, ಕೋಳಿಗೋ ದನಕ್ಕೋ ತಯಾರಿಸಿದ ಆಹಾರವನ್ನು ಅಪ್ಪಿತಪ್ಪಿಯೂ ಕೊಡಬೇಡ. ಅವುಗಳಲ್ಲಿ ಕೆಲವಕ್ಕೆ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ದನ, ಕೋಳಿಗಳಿಗೆ ಒಳ್ಳೆಯದು ಮಾಡುವ ಅದು ಕುದುರೆಯ ಹೃದಯದ ಸ್ನಾಯುವನ್ನೇ ಕೊಲ್ಲುತ್ತದೆ.

ಇನ್ನು ಹೊಟ್ಟೆನೋವು. ಪಶುವೈದ್ಯರು ಕೋಲಿಕ್ ಎನ್ನುವ ಇದು ಕುದುರೆ ಸಾಕಿದವರೆಲ್ಲರ ನಿದ್ದೆ ಕೆಡಿಸುವ ಹೆಸರು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಅನ್ನನಾಳ ಜಠರವನ್ನು ಸೇರುವ ಕಡೆ ಇರುವ ಸ್ನಾಯು ಅಷ್ಟು ಬಿಗಿ, ಒಳಗೆ ಹೋದದ್ದು ಹಿಂದೆ ಬರಲಾರದು. ಕರುಳು ಉಬ್ಬರಿಸಿದರೂ ಕಟ್ಟಿಕೊಂಡರೂ ತಿರುಚಿಕೊಂಡರೂ ಆ ನೋವನ್ನೆಲ್ಲ ಅದು ಒಳಗೇ ಅನುಭವಿಸಬೇಕು. ನೆಲ ಕೆರೆಯುವುದು, ತಿರುತಿರುಗಿ ಪಕ್ಕೆ ನೋಡಿಕೊಳ್ಳುವುದು, ಮೇಲ್ದುಟಿ ಮಡಚುವುದು, ಮಲಗಿ ಎದ್ದು ಹೊರಳುವುದು, ಮೇವು ಬಿಡುವುದು. ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿಕೊಂಡು ವೈದ್ಯರಿಗೆ ಫೋನ್ ಮಾಡಬೇಕು. ಅವರು ಮೊದಲು ಕೇಳುವುದು ನಾಡಿ ಎಷ್ಟು, ಜ್ವರ ಎಷ್ಟು, ವಸಡಿನ ಬಣ್ಣ ಹೇಗಿದೆ, ಲದ್ದಿ ಹಾಕಿ ಎಷ್ಟು ಹೊತ್ತಾಯಿತು ಎಂದು. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಮೈಶಾಖ ಸುಮಾರು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ನಿನ್ನ ಕುದುರೆಯ ಆರೋಗ್ಯದ ದಿನಗಳ ಅಂಕಿ ನಿನಗೆ ಬಾಯಿಪಾಠವಾಗಿದ್ದರೆ ಮಾತ್ರ ಆ ರಾತ್ರಿಯ ಅಂಕಿಗೆ ಅರ್ಥ ಬರುತ್ತದೆ. ವೈದ್ಯರನ್ನು ಕೇಳದೆ ನೋವಿನ ಔಷಧ ಕೊಡಬೇಡ. ನೋವು ಅಡಗಿದರೆ ಕರುಳು ತಿರುಚಿಕೊಂಡದ್ದೂ ಅದರ ಹಿಂದೆ ಅಡಗಿಬಿಡುತ್ತದೆ. ಬೆಳಗ್ಗೆ ಲಾಯದಲ್ಲಿ ಹಸಿ ಲದ್ದಿ ಕಂಡು ಹಿಗ್ಗುವ ಜನ ನಾವು, ನೀನೂ ಹಾಗಾಗುತ್ತೀಯ.

ಕಾಲಿನ ಕತೆ ಇದಕ್ಕಿಂತ ಸರಳ, ಆದರೆ ಸೋಮಾರಿಗಳಿಗಲ್ಲ. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಲಾಳ ಕಟ್ಟಿಸಿದರೂ ಕಟ್ಟಿಸದಿದ್ದರೂ ಆರರಿಂದ ಎಂಟು ವಾರಕ್ಕೊಮ್ಮೆ ಕಸುಬು ಬಲ್ಲವರು ಬಂದು ಅದನ್ನು ಕೆತ್ತಿ ಸಮಮಾಡಬೇಕು. ಕುದುರೆ ಸಿಗುವ ಎಷ್ಟೋ ಕಡೆ ಲಾಳ ಕಟ್ಟುವ ಒಳ್ಳೆಯ ಕೈ ಸಿಗುವುದಿಲ್ಲ, ಮೊದಲು ಅವರನ್ನು ಹುಡುಕಿಕೊಂಡು ಆಮೇಲೆ ಕುದುರೆಯನ್ನು ಹುಡುಕು. ದಿನಕ್ಕೊಮ್ಮೆ ನಾಲ್ಕೂ ಕಾಲೆತ್ತಿ ಗೊರಸಿನಡಿಯ ಮಣ್ಣು, ಕಲ್ಲು, ಲದ್ದಿ ಕೆದಕಿ ತೆಗೆಯುವುದು ನಿನ್ನ ಕೆಲಸ. ಒದ್ದೆ ನೆಲದಲ್ಲೇ ನಿಂತರೆ ಅಡಿಯ ಮೆತ್ತನೆಯ ಭಾಗ ಕೊಳೆಯುತ್ತದೆ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಹಲ್ಲುಗಳನ್ನು ವರ್ಷಕ್ಕೊಮ್ಮೆ ತೋರಿಸಿ ಅಂಚು ಉಜ್ಜಿಸಬೇಕು. ಧನುರ್ವಾಯು ಕುದುರೆಗೆ ಬಲುಬೇಗ ತಗಲುವುದರಿಂದ ಅದರ ಲಸಿಕೆ ತಪ್ಪಿಸುವಂತಿಲ್ಲ.

ಒಂದೇ ಕುದುರೆಯನ್ನು ಮನೆಯ ಹಿಂದೆ ಕಟ್ಟಿ ಸಾಕುತ್ತೇನೆ ಎಂದು ಬರೆದಿದ್ದೀಯ. ನಿನ್ನ ಯೋಜನೆಯಲ್ಲಿ ನಾನು ಒಪ್ಪದೇ ಇರುವುದು ಯಾವುದಾದರೂ ಇದ್ದರೆ ಅದು ಇದೇ. ಹಿಂಡಿನಲ್ಲಿ ಬದುಕಲು ಹುಟ್ಟಿದ ಜೀವಕ್ಕೆ ಒಂಟಿತನ ಸೆರೆಮನೆ. ಕುದುರೆ ನಿಂತೇ ತೂಕಡಿಸುತ್ತದೆ ಎನ್ನುವುದು ನಿಜ, ಕಾಲಿನ ಕೀಲುಗಳು ಬೀಗ ಹಾಕಿಕೊಳ್ಳುವುದರಿಂದ ಬೀಳುವುದಿಲ್ಲ. ಆದರೆ ಗಾಢನಿದ್ದೆಗೆ ಅದು ಮಲಗಲೇಬೇಕು, ದಿನಕ್ಕೆ ಸ್ವಲ್ಪ ಹೊತ್ತಾದರೂ. ಸುತ್ತ ಅಪಾಯವಿಲ್ಲ ಎಂದು ಮನದಟ್ಟಾಗದೆ ಮಲಗುವುದಿಲ್ಲ. ಹಿಂಡಿನಲ್ಲಾದರೆ ಒಂದು ಎದ್ದು ಕಾಯುತ್ತದೆ, ಇನ್ನೊಂದು ಕಾಲು ಚಾಚುತ್ತದೆ. ಜೊತೆಯಿಲ್ಲದೆ ಹಗಲಿಡೀ ಲಾಯದೊಳಗೆ ನಿಂತ ಕುದುರೆ ಬಾಗಿಲಿನ ಮರ ಕಚ್ಚಿ ಗಾಳಿ ಎಳೆಯುವುದನ್ನು, ನಿಂತಲ್ಲೇ ಎಡಕ್ಕೂ ಬಲಕ್ಕೂ ತೂಗಾಡುವುದನ್ನು ಕಲಿಯುತ್ತದೆ. ಕಲಿತದ್ದನ್ನು ಬಿಡಿಸುವುದು ಕಷ್ಟ. ಹತ್ತಾರು ಕುದುರೆಗಳಿರುವ ಕಡೆ ಬಾಡಿಗೆಗೆ ಜಾಗ ಹಿಡಿದು ಬಿಡು, ಖರ್ಚು ಹೆಚ್ಚಾದರೂ ಸರಿ. ನೀನು ಪಕ್ಕದಲ್ಲಿ ನಿಂತಿರುವಾಗಲೇ ನಿನ್ನ ಕುದುರೆ ಮಂಡಿಯೂರಿ ಮಲಗಿ, ಮೂತಿಯನ್ನು ನೆಲಕ್ಕೆ ಊರಿ ಕಣ್ಣು ಮುಚ್ಚಿದರೆ ಅದು ನಿನಗೆ ಕೊಟ್ಟ ದೊಡ್ಡ ಪದವಿ. ನಾಗಾಲೋಟದ ಯಾವ ಸುಖವೂ ನನಗೆ ಅಷ್ಟು ರುಚಿಸಿಲ್ಲ.

ಅದು ಹೆದರುವ ಪ್ರಾಣಿ ಎನ್ನುವುದನ್ನು ಮಾತ್ರ ಒಂದು ಕ್ಷಣವೂ ಮರೆಯಬೇಡ. ತಲೆಯ ಎರಡು ಬದಿಗೆ ಕಣ್ಣಿರುವುದರಿಂದ ಸುತ್ತಲಿನದೆಲ್ಲ ಹೆಚ್ಚುಕಡಿಮೆ ಕಾಣುತ್ತದೆ. ಕಾಣದಿರುವುದು ಮೂಗಿನ ನೇರ ಮುಂದಿನ ಒಂದಿಷ್ಟು, ಬಾಲದ ನೇರ ಹಿಂದಿನ ಒಂದಿಷ್ಟು. ಸದ್ದಿಲ್ಲದೆ ಹಿಂದಿನಿಂದ ಹೋಗುವವನು ಒದೆ ತಿಂದರೆ ತಪ್ಪು ಕುದುರೆಯದಲ್ಲ. ನಿನ್ನ ಮೈಯನ್ನು ಮಾತ್ರ ಅದು ನಿನಗಿಂತ ಚೆನ್ನಾಗಿ ಓದುತ್ತದೆ. ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಪ್ರಸಿದ್ಧವಾಗಿತ್ತು, ಕೇಳಿದ ಲೆಕ್ಕಕ್ಕೆ ಗೊರಸು ಕುಟ್ಟಿ ಉತ್ತರ ಕೊಡುತ್ತಿತ್ತು. ಆಸ್ಕರ್ ಫುಂಗ್ಸ್ಟ್ ಎಂಬವರು ಪರೀಕ್ಷಿಸಿ 1907ರಲ್ಲಿ ಗುಟ್ಟು ಬಯಲು ಮಾಡಿದರು. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳುವವನ ತಲೆ ತನಗೇ ತಿಳಿಯದೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಲೆಕ್ಕ ಬರುವುದಕ್ಕಿಂತ ಇದು ದೊಡ್ಡ ವಿದ್ಯೆ ಎಂದು ನನಗನ್ನಿಸುತ್ತದೆ. ಅಪ್ಪನ ಜೊತೆ ಜಗಳವಾಡಿದ ಸಿಟ್ಟನ್ನು ಹೊತ್ತುಕೊಂಡು ಲಾಯಕ್ಕೆ ಹೋದ ದಿನ ನಿನ್ನ ಕುದುರೆ ಕಡಿವಾಣಕ್ಕೆ ಬಾಯಿ ಕೊಡದಿದ್ದರೆ ಕಾರಣ ಹುಡುಕಿ ಅಲೆಯಬೇಡ.

ಈಗ ನಿಜವಾದ ಕಷ್ಟದ ವಿಷಯ. ನಿನಗೆ ಇಪ್ಪತ್ತೊಂದು. ಚೆನ್ನಾಗಿ ನೋಡಿಕೊಂಡ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಎಂಟು ವರ್ಷದ್ದನ್ನು ಕೊಂಡರೆ ಅದು ಕಣ್ಣು ಮುಚ್ಚುವ ಹೊತ್ತಿಗೆ ನೀನು ನಲವತ್ತರ ಹತ್ತಿರ. ನಡುವೆ ನಿನ್ನ ಓದು, ಕೆಲಸ, ಊರು ಬದಲಾವಣೆ, ಮದುವೆ, ಮಕ್ಕಳು, ಅಪ್ಪ ಅಮ್ಮನ ಮುಪ್ಪು ಎಲ್ಲವೂ ಬಂದುಹೋಗುತ್ತವೆ. ಇಪ್ಪತ್ತರ ಆಸುಪಾಸಿನಲ್ಲಿ ಅದರ ಕೀಲುಗಳು ಸೋತು ಸವಾರಿ ನಿಂತರೂ ಹೊಟ್ಟೆ ನಿಲ್ಲುವುದಿಲ್ಲ. ಗೊರಸು ಬೆಳೆಯುತ್ತಲೇ ಇರುತ್ತದೆ, ಹಲ್ಲು ಸವೆದ ಮೇಲೆ ಮೇವನ್ನು ನೆನೆಸಿ ಕೊಡಬೇಕಾಗುತ್ತದೆ. ಆಗ ಮಾರಿಬಿಡುತ್ತೇನೆ ಎನ್ನಬೇಡ. ಏರಲಾಗದ ಕುದುರೆಯನ್ನು ದುಡ್ಡು ಕೊಟ್ಟು ಒಯ್ಯುವವನು ಅದನ್ನು ಏನು ಮಾಡಿಯಾನು ಎಂದು ಯೋಚಿಸು. ಲಾಯಗಳಲ್ಲಿ ನಾನು ಕಂಡ ಅತ್ಯಂತ ದುಃಖದ ಕುದುರೆಗಳೆಲ್ಲ ಎಳೆಯರು ಆಸೆಪಟ್ಟು ಕೊಂಡು, ಬದುಕು ಬದಲಾದಾಗ ಕೈದಾಟಿಸಿದವು. ಅವರು ಯಾರೂ ಕ್ರೂರಿಗಳಾಗಿರಲಿಲ್ಲ. ಕೊಳ್ಳುವ ಬೆಲೆ ಇದರಲ್ಲೆಲ್ಲ ಚಿಕ್ಕ ಮೊತ್ತ. ತಿಂಗಳ ಖರ್ಚಿನ ಜೊತೆಗೆ ಒಂದು ಶಸ್ತ್ರಚಿಕಿತ್ಸೆಗೆ ಸಾಲುವಷ್ಟು ಹಣ ಮುಟ್ಟದೆ ಬದಿಗಿಡುವ ತಾಕತ್ತು ನಿನಗಿದೆಯೇ ಎನ್ನುವುದೇ ಲೆಕ್ಕ.

ಆದ್ದರಿಂದ ಈ ವರ್ಷ ಕೊಳ್ಳಬೇಡ. ಬೇರೆಯವರ ಕುದುರೆಯೊಂದರ ಅರ್ಧ ಜವಾಬ್ದಾರಿ ಹೊರು. ಬಿಡುವಿಲ್ಲದೆ ಒದ್ದಾಡುವ ಮಾಲೀಕರು ಎಲ್ಲ ಲಾಯದಲ್ಲೂ ಇರುತ್ತಾರೆ, ಖರ್ಚಿನಲ್ಲಿ ಪಾಲು ಕೊಟ್ಟು ವಾರದಲ್ಲಿ ಮೂರು ದಿನ ಪೂರ್ತಿ ನೋಡಿಕೊಳ್ಳುತ್ತೇನೆಂದರೆ ಬೇಡ ಎನ್ನುವುದಿಲ್ಲ. ಬೇಸಿಗೆ, ಮಳೆ, ಚಳಿ ಮೂರೂ ಕಳೆಯಲಿ. ಕುದುರೆ ಕುಂಟಿ, ಎರಡು ತಿಂಗಳು ಏರುವಂತಿಲ್ಲ ಎಂದು ವೈದ್ಯರು ಹೇಳಿದ ಮೇಲೂ ನೀನು ಹೋಗುತ್ತಿದ್ದರೆ, ಬರೀ ಮೈ ಉಜ್ಜಿ, ಹಗ್ಗ ಹಿಡಿದು ನಡೆಸಿ ಬರುವುದರಲ್ಲಿ ನಿನಗೆ ಬೇಸರ ಬಾರದಿದ್ದರೆ, ನನಗೆ ಬರೆ. ಆಗ ನಾನೇ ಹುಡುಕಿಕೊಡುತ್ತೇನೆ. ಮರಿ ಮಾತ್ರ ಬೇಡ. ಕುದುರೆಯ ಮೂಳೆ ಪೂರ್ತಿ ಬಲಿಯಲು ಐದಾರು ವರ್ಷ ಹಿಡಿಯುತ್ತದೆ. ಕಲಿಯದ ಕುದುರೆ, ಕಲಿಯದ ಸವಾರ ಜೊತೆಯಾದರೆ ಇಬ್ಬರಿಗೂ ಪೆಟ್ಟು. ಹತ್ತು ಹನ್ನೆರಡು ದಾಟಿದ, ನಿನ್ನಂಥವರನ್ನು ಎಷ್ಟೋ ಮಂದಿಯನ್ನು ಸಹಿಸಿಕೊಂಡ ಒಂದು ಸಮಾಧಾನದ ಹೆಣ್ಣುಕುದುರೆಯನ್ನು ನೋಡೋಣ.

ನೋಡಲು ಹೋಗುವಾಗ ಪಾಲಿಸಬೇಕಾದ ಕೆಲವನ್ನು ಈಗಲೇ ಹೇಳಿಡುತ್ತೇನೆ. ನಾವು ಬರುವ ಮುಂಚೆ ಕುದುರೆಯನ್ನು ಕಟ್ಟಿ ಜೀನು ಹಾಕಿಡಬೇಡಿ ಎಂದು ಮಾರುವವರಿಗೆ ತಿಳಿಸು. ಬಯಲಿನಲ್ಲಿ ಅದು ಹಿಡಿಯಲು ಸಿಗುತ್ತದೆಯೋ ಇಲ್ಲವೋ, ಜೀನು ಬಿಗಿಯುವಾಗ ಕಿವಿ ಹಿಂದಕ್ಕೆ ಒರಗಿಸುತ್ತದೆಯೋ ಎನ್ನುವುದನ್ನು ಕಣ್ಣಾರೆ ನೋಡಬೇಕು. ಹೋದ ಕೂಡಲೇ ಎದೆ, ಬೆನ್ನು ಮುಟ್ಟಿನೋಡು. ಬೆವರು ಆರಿದ ಗುರುತಿದ್ದರೆ ತುಂಟತನ ಇಳಿಯಲೆಂದು ಬೆಳಗ್ಗೆಯೇ ಓಡಿಸಿ ದಣಿಸಿದ್ದಾರೆ. ಮೊದಲು ಅವರ ಸವಾರ ಹತ್ತಲಿ, ಆಮೇಲೆ ನೀನು, ತಲೆಗೆ ಹೆಲ್ಮೆಟ್ ಇಟ್ಟುಕೊಂಡು. ಗಟ್ಟಿ ನೆಲದ ಮೇಲೆ ನೇರವಾಗಿ ಕುಕ್ಕುಲೋಟದಲ್ಲಿ ಓಡಿಸಿ ತೋರಿಸಲು ಹೇಳು. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗಲೆಲ್ಲ ತಲೆ ಮೇಲಕ್ಕೆ ಎತ್ತುತ್ತದೆ. ಪರೀಕ್ಷೆಗೆ ವೈದ್ಯರನ್ನು ನಾವೇ ಕರೆದೊಯ್ಯೋಣ, ಮಾರುವವರ ವೈದ್ಯರು ಬೇಡ. ನಮ್ಮ ವೈದ್ಯರ ವರದಿ ಕೈಗೆ ಬರುವ ತನಕ ಮುಂಗಡವೆಂದು ಒಂದು ಕಾಸೂ ಕೊಡಕೂಡದು. ಮತ್ತೆ ದಪ್ಪ ತೊಗಲಿನ ಬೂಟು ಹಾಕಿಕೊಂಡು ಬಾ, ಚಪ್ಪಲಿಯಲ್ಲಿ ಬಂದರೆ ನಿನ್ನನ್ನು ಲಾಯದ ಒಳಗೆ ಬಿಡುವುದಿಲ್ಲ.

ಇಂತಿ ನಿನ್ನ
ಗೆಳೆಯ