ಹೃದಯದ ಪೆಟ್ ಸ್ಕ್ಯಾನ್‌ಗೆ ಮುಂಚೆ ಏನು ತಿನ್ನಬೇಕು, ಕನ್ನಡದಲ್ಲಿ ಬರೆದು ಕೊಡಿ

ಸಂಪಾದಕರಿಗೆ ನಮಸ್ಕಾರ.

ಪೆಟ್ ಸ್ಕ್ಯಾನ್ ಅಂದರೆ ಕ್ಯಾನ್ಸರ್‌ಗೆ ಮಾತ್ರ ಅಂತ ನಮ್ಮ ಕಡೆ ತುಂಬಾ ಜನ ತಿಳಿದಿದ್ದಾರೆ. ಹೃದಯಕ್ಕೆ ಕೃತಕ ವಾಲ್ವ್ ಹಾಕಿಸಿಕೊಂಡವರಿಗೆ ಆ ವಾಲ್ವ್‌ನಲ್ಲಿ ಸೋಂಕು ಕೂತಿದೆಯಾ ಅಂತ ನೋಡಲಿಕ್ಕೂ ಇದನ್ನು ಮಾಡುತ್ತಾರೆ. 2015ರಲ್ಲೇ ಯುರೋಪಿನ ಹೃದಯ ತಜ್ಞರ ಸಂಘ ಇದನ್ನು ಈ ಸೋಂಕು ಪತ್ತೆ ಮಾಡುವ ಮುಖ್ಯ ಆಧಾರಗಳ ಪಟ್ಟಿಗೆ ಸೇರಿಸಿತ್ತು. ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನಲ್ಲಿ, ಕೆಲವೊಮ್ಮೆ ಲೋಹದ ವಾಲ್ವ್‌ನ ನೆರಳು ಬಿದ್ದು ಹಿಂದಿನದು ಕಾಣುವುದಿಲ್ಲ. ರಕ್ತದ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡುವ ಮೊದಲೇ ಆ್ಯಂಟಿಬಯೋಟಿಕ್ ನುಂಗಿದ್ದರೆ ಅದರಲ್ಲೂ ಏನೂ ಸಿಗದೆ ಹೋಗಬಹುದು. ಮಳೆಗಾಲದಲ್ಲಿ ಜ್ವರ ಬಂದರೆ ಇಲ್ಲಿ ಮಲೇರಿಯಾ, ಡೆಂಗಿ, ಇಲಿ ಜ್ವರ ಅಂತಲೇ ಮೊದಲು ಯೋಚನೆ ಹೋಗುತ್ತದೆ, ಅಷ್ಟರಲ್ಲಿ ಮೆಡಿಕಲ್‌ನಿಂದ ತಂದ ಮಾತ್ರೆಯೂ ಖಾಲಿ ಆಗಿರುತ್ತದೆ.

ನಮ್ಮ ಚಿಕ್ಕಪ್ಪನಿಗೆ ಹೀಗೇ ಆಗಿ ಕೊನೆಗೆ ಪೆಟ್ ಸ್ಕ್ಯಾನ್ ಬರೆದರು. ಆಸ್ಪತ್ರೆಯಲ್ಲಿ ಹೇಳಿದ್ದು "ಖಾಲಿ ಹೊಟ್ಟೆಯಲ್ಲಿ ಬನ್ನಿ" ಅಂತ, ಅಷ್ಟೆ. ಅವರು ರಾತ್ರಿ ಕುಚ್ಚಲಕ್ಕಿ ಗಂಜಿ ಉಂಡು ಬೆಳಗ್ಗೆ ಏನೂ ಮುಟ್ಟದೆ ಹೋದರು. ಚಿತ್ರದಲ್ಲಿ ಇಡೀ ಹೃದಯವೇ ಹೊಳೆಯುತ್ತಿತ್ತು, ಸೋಂಕು ಎಲ್ಲಿ ಅಂತ ಹೇಳಲು ಆಗಲಿಲ್ಲ. ಮತ್ತೆ ದುಡ್ಡು, ಮತ್ತೆ ಕಾಯುವುದು, ಅದೂ ದಿನ ಕಳೆದಷ್ಟೂ ವಾಲ್ವ್ ಹಾಳಾಗುವ ಕಾಯಿಲೆಯಲ್ಲಿ!

ಕಾರಣ ಸರಳ. ಚುಚ್ಚುವ ಮದ್ದು ವಿಕಿರಣ ಸೂಸುವ ಒಂದು ಬಗೆಯ ಸಕ್ಕರೆ. ಸೋಂಕು ಇದ್ದಲ್ಲಿ ಸೇರುವ ಬಿಳಿ ರಕ್ತಕಣಗಳು ಅದನ್ನು ಜಾಸ್ತಿ ಎಳೆದುಕೊಳ್ಳುತ್ತವೆ, ಹಾಗಾಗಿ ಆ ಜಾಗ ಹೊಳೆಯುತ್ತದೆ. ಆದರೆ ಅನ್ನ, ಸಿಹಿ ತಿಂದಿದ್ದರೆ ಹೃದಯದ ಸ್ನಾಯುವೂ ಸಕ್ಕರೆಯನ್ನೇ ಎಳೆದುಕೊಳ್ಳುತ್ತದೆ. ಆ ಸ್ನಾಯು ಸಕ್ಕರೆ ಬಿಟ್ಟು ಕೊಬ್ಬು ಉರಿಸುವ ಹಾಗೆ ಮಾಡಬೇಕು, ಅದಕ್ಕೇ ಹಿಂದಿನ ದಿನ ಕೊಬ್ಬು ಜಾಸ್ತಿ ಇರುವ ಊಟ, ಆಮೇಲೆ 12 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಉಪವಾಸ. ಮದ್ದನ್ನು ನಾಳೆಗೆ ಅಂತ ಎತ್ತಿಡಲೂ ಆಗುವುದಿಲ್ಲ, 110 ನಿಮಿಷಕ್ಕೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ.

"ಕಾರ್ಬೋಹೈಡ್ರೇಟ್ ಬೇಡ" ಅಂದರೆ ಕಾಪುವಿನ ಅಜ್ಜಿಗೆ ಏನು ಅರ್ಥ ಆಗಬೇಕು, ಅಲ್ವಾ? ಗಂಜಿ, ನೀರ್‌ದೋಸೆ, ಪುಂಡಿ, ಬಾಳೆಹಣ್ಣು, ಬೊಂಡದ ನೀರು, ಸಕ್ಕರೆ ಹಾಕಿದ ಚಾ ಬೇಡ ಅಂತ ಹೆಸರು ಹಿಡಿದು ಹೇಳಿ. ಮೊಟ್ಟೆ ಆಗಬಹುದು, ಮೀನು ಕಾಯಿಸಬಹುದು ಆದರೆ ರವೆ, ಅಕ್ಕಿಹಿಟ್ಟು ಹಚ್ಚಬಾರದು ಅಂತ ಬರೆಯಿರಿ. ಸಸ್ಯಾಹಾರಿಗಳಿಗಂತೂ ಅನ್ನದ ಜೊತೆ ಬೇಳೆಯೂ ಹೋದರೆ ಉಳಿಯುವುದೇ ಕಡಿಮೆ, ಅವರಿಗೆ ಬೇರೆ ಪಟ್ಟಿ ಬೇಕು.

ಮಂಗಳೂರು, ಉಡುಪಿ, ಮಣಿಪಾಲದ ಆಸ್ಪತ್ರೆಗಳಲ್ಲಿ ನನ್ನ ವಿನಂತಿ ಇಷ್ಟು. ಅಪಾಯಿಂಟ್‌ಮೆಂಟ್ ಕೊಡುವಾಗಲೇ ಒಂದು ಕನ್ನಡದ ಚೀಟಿ ಕೈಗೆ ಕೊಡಿ, ಓದಲು ಬಾರದವರಿಗೆ ತುಳುವಿನಲ್ಲೋ ಬ್ಯಾರಿಯಲ್ಲೋ ಬಾಯಲ್ಲಿ ಹೇಳಿ, ಹಿಂದಿನ ದಿನ ಒಂದು ಫೋನ್ ಮಾಡಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಉಪವಾಸದ ದಿನ ಏನು ಮಾಡಬೇಕು ಅನ್ನುವುದನ್ನು ಡಾಕ್ಟರೇ ತಿಳಿಸಲಿ.

– ಓದುಗ, ಕಾಪು, ಉಡುಪಿ ಜಿಲ್ಲೆ